ಎರಡು ಟೋಟಲ್

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನ ಸೋದರಮಾವನದು ಜೀನ್ಸ್ ಹೊಲಿಯುವ ಯೂನಿಟ್. ಟೇಲರ್‌ಗಳಿಗೆ ಪೀಸ್ ಲೆಕ್ಕದ ಕೂಲಿ, ಶನಿವಾರ ಬಟವಾಡೆ. ಆ ಲೆಕ್ಕಕ್ಕೆ ನಾನೇ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಮೊದಲ ಬಟವಾಡೆಯ ದಿನವೇ ಜಿಪ್ ಕೂಡಿಸುವ ಅಕ್ಕ ಚೀಟಿ ಹಿಡಿದು ಬಂದರು.

"ತಮ್ಮಾ, ಓಟಿ ದುಡ್ಡು ಬಂದಿಲ್ಲಲ್ಲ. ಎರಡು ರಾತ್ರಿ ಕುಂತು ಹೊಲ್ದೀನಿ."

ಅವರ ಪಾಕೆಟ್ ಬುಕ್ಕಿನಲ್ಲಿ 340 ರೂಪಾಯಿ ಬರೆದಿತ್ತು. ನನ್ನ ಚೀಟಿಯಲ್ಲಿ ಇರಲಿಲ್ಲ. ನೋಡಿದರೆ ಓಟಿ ಮಾಡಿದ ಯಾರಿಗೂ ಬಂದಿರಲಿಲ್ಲ.

ರಾತ್ರಿ ಹೊಸಪೇಟೆಯ ಗೆಳೆಯನಿಗೆ ಫೋನ್ ಹಚ್ಚಿ ಕೋಡನ್ನು ಸಾಲುಸಾಲಾಗಿ ಓದಿ ಹೇಳಿದೆ. "ಎಲ್ಲಾ ಸರಿ ಐತಲ್ಲೋ" ಅಂದ. ಕಿವಿಗೆ ಸರಿಯೇ ಇತ್ತು. ತಪ್ಪು ಕಂಡಾಗ ಹನ್ನೆರಡು ದಾಟಿತ್ತು: ಪೀಸಿನ ಕೂಲಿ ಸೇರುತ್ತಿದ್ದದ್ದು ಇಂಗ್ಲಿಷಿನ ಸಣ್ಣ ಟಿಯಿಂದ ಶುರುವಾಗುವ ಟೋಟಲ್‌ಗೆ, ಓಟಿ ಸೇರಿಸಿ ಇಟ್ಟದ್ದು ದೊಡ್ಡ ಟಿಯ ಟೋಟಲ್‌ನಲ್ಲಿ. ಪೈಥಾನ್‌ಗೆ ಅವು ಬೇರೆ ಬೇರೆ ಹೆಸರು. ತಕರಾರಿಲ್ಲದೆ ಹೊಸದೊಂದನ್ನು ಹುಟ್ಟಿಸಿ ದುಡ್ಡನ್ನು ಅದರೊಳಗೆ ಇಟ್ಟುಬಿಟ್ಟಿತ್ತು. ಚೀಟಿಗೆ ಅಚ್ಚಾದದ್ದು ಸಣ್ಣದು. ಈಗ ಇದನ್ನು ಕನ್ನಡದಲ್ಲಿ ಬರೆಯುವಾಗಲೂ ಎರಡೂ ಟೋಟಲ್ಲೇ. ಬಾಯಲ್ಲಿ ಹೇಳಿ ತೋರಿಸಲಾಗದ ವ್ಯತ್ಯಾಸ.

1957ರ ಫೋರ್ಟ್ರಾನ್ ಭಾಷೆಯ ಕಾಲದಲ್ಲಿ, ಪ್ರೋಗ್ರಾಂ ತೂತು ಕೊರೆದು ಬರೆಯುತ್ತಿದ್ದ ಪಂಚ್ ಕಾರ್ಡಿನಲ್ಲಿ ಇದ್ದದ್ದೇ ದೊಡ್ಡಕ್ಷರ, ಈ ಪ್ರಶ್ನೆಯೇ ಏಳಲಿಲ್ಲ. 1970ರ ದಶಕದ ಸಿ ಭಾಷೆ ದೊಡ್ಡಕ್ಷರ, ಸಣ್ಣಕ್ಷರ ಎರಡನ್ನೂ ಬೇರೆ ಮಾಡಿತು. ಜಾವಾ, ಪೈಥಾನ್ ಅದೇ ದಾರಿ ಹಿಡಿದವು. ಯಂತ್ರ ಪ್ರತಿ ಅಕ್ಷರಕ್ಕೂ ಇಟ್ಟುಕೊಂಡ ಸಂಖ್ಯೆಯ ಲೆಕ್ಕದಲ್ಲಿ ದೊಡ್ಡ ಟಿ 84, ಸಣ್ಣ ಟಿ 116. ಮನುಷ್ಯರ ಲೆಕ್ಕದಲ್ಲಿ ಒಂದೇ ಅಕ್ಷರ.

ಹೀಗೆ ಬೇರೆ ಮಾಡುವುದೇ ತಪ್ಪು ಅಂದರೆ ಗೆಳೆಯ ಒಪ್ಪುವುದಿಲ್ಲ. ಜಾವಾದಲ್ಲಿ ಕ್ಲಾಸಿಗೆ, ಅಂದರೆ ಅಚ್ಚಿಗೆ, ದೊಡ್ಡಕ್ಷರ, ಆ ಅಚ್ಚಿನಿಂದ ಮಾಡಿದ ಆಬ್ಜೆಕ್ಟಿಗೆ ಸಣ್ಣಕ್ಷರ ಇಡುವ ರೂಢಿ ಅನುಕೂಲವೇ ಅನ್ನುತ್ತಾನೆ. ಇರಬಹುದು. ಆದರೆ ಪ್ರೋಗ್ರಾಮಿನ ಒಂದೇ ತುಣುಕಿನೊಳಗೆ (ಫಂಕ್ಷನ್ನಿನೊಳಗೆ) ಅಕ್ಷರದ ಗಾತ್ರದಲ್ಲಷ್ಟೇ ಬೇರೆಯಾದ ಎರಡು ಹೆಸರು ಕಂಡರೆ ಭಾಷೆ ಅಲ್ಲೇ ತಡೆದು ನಿಲ್ಲಿಸಬೇಕು. ವಿಷುಯಲ್ ಬೇಸಿಕ್ ಭಾಷೆಯ ಎಡಿಟರ್ ಹೆಸರನ್ನು ನಾವು ಘೋಷಿಸಿದಾಗ ಬರೆದ ರೂಪಕ್ಕೆ ತಾನೇ ತಿದ್ದಿಕೊಳ್ಳುತ್ತಿತ್ತು. ಅದು ನನಗೆ ಈಗ ದೊಡ್ಡ ಉಪಕಾರವಾಗಿ ಕಾಣುತ್ತದೆ.

ಭಾನುವಾರ ಬೆಳಿಗ್ಗೆ ಅಕ್ಕನ ಮನೆಗೇ ಹೋಗಿ 340 ಕೊಟ್ಟುಬಂದೆ. ಎಣಿಸಿ, ಪಾಕೆಟ್ ಬುಕ್ಕಿನ ಆ ಸಾಲಿಗೆ ಗೀಟು ಎಳೆದರು. ಉಳಿದವರಿಗೂ ಸಂಜೆಯೊಳಗೆ ಮುಟ್ಟಿಸಿದೆ. ಪೈಥಾನ್ 3 ಕನ್ನಡ ಅಕ್ಷರದ ಹೆಸರನ್ನೂ ಒಪ್ಪುತ್ತದೆ. ಆ ಪ್ರೋಗ್ರಾಮಿನಲ್ಲಿ ಈಗ ಟೋಟಲ್ ಇಲ್ಲ, 'ಮೊತ್ತ' ಇದೆ.