ಬಾಡಿಗೆಗೆಂದು ಮನೆ ಕಟ್ಟುವ ಮುನ್ನ: ಕೈಗೆಷ್ಟು ಉಳಿಯುತ್ತದೆ?

ದಾವಣಗೆರೆಯಲ್ಲಿ 30×40 ಸೈಟು ಕೊಂಡು, ಕೆಳಗೊಂದು ಮೇಲೊಂದು ಮನೆ ಕಟ್ಟಿ ಬಾಡಿಗೆಗೆ ಬಿಡೋಣ ಎನ್ನುವವರು ಸಾಮಾನ್ಯವಾಗಿ ತಿಂಗಳ ಬಾಡಿಗೆಯನ್ನು ಹನ್ನೆರಡರಿಂದ ಗುಣಿಸಿ ಖುಷಿಪಡುತ್ತಾರೆ. ತಪ್ಪುವುದು ಅಲ್ಲೇ. ಲೆಕ್ಕ ಹಿಡಿಯಬೇಕಾದ್ದು ಹನ್ನೊಂದು ತಿಂಗಳಿಗೆ. ಒಬ್ಬರು ಖಾಲಿ ಮಾಡಿ, ಬಣ್ಣ ಹೊಡೆಸಿ, ಇನ್ನೊಬ್ಬರು ಬರುವಷ್ಟರಲ್ಲಿ ಒಂದು ತಿಂಗಳು ಹೋಗಿಯೇ ಹೋಗುತ್ತದೆ.

ಒಂದು ಉದಾಹರಣೆ ಹಿಡಿಯೋಣ. ಸೈಟು, ಕಟ್ಟಡ ಸೇರಿ 45 ಲಕ್ಷ. ಅದರಲ್ಲಿ ಕಟ್ಟಡಕ್ಕೆ 25 ಲಕ್ಷ. ಎರಡು ಮನೆಗೆ 9,000ದಂತೆ ತಿಂಗಳಿಗೆ 18,000. ಹನ್ನೊಂದು ತಿಂಗಳಿಗೆ 1,98,000. ಕಂದಾಯ 6,000 ಎನ್ನಿ. ಮೋಟರು, ಮೆಟ್ಟಿಲ ದೀಪ, ಟ್ಯಾಂಕು ತೊಳೆಸುವುದು, ಚೇಂಬರು ಕಟ್ಟಿಕೊಂಡಾಗ ಬಿಡಿಸುವುದು ಎಲ್ಲ ಸೇರಿ 9,000. ರಿಪೇರಿಗೆ ಕಟ್ಟಡದ ಖರ್ಚಿನ ನೂರಕ್ಕೆ ಒಂದರಂತೆ 25,000. ಮೊದಲ ಮೂರು ವರ್ಷ ಅಷ್ಟು ಬೀಳುವುದಿಲ್ಲ, ಏಳನೇ ವರ್ಷ ಒಟ್ಟಿಗೆ ಬೀಳುತ್ತದೆ. ಅದಕ್ಕೇ ಪ್ರತಿ ವರ್ಷ ಎತ್ತಿಡಬೇಕು. ಉಳಿದದ್ದು 1,58,000. ಹೂಡಿದ ದುಡ್ಡಿಗೆ ಇದು ಶೇ. 3.5.

ಈಗ ಸಾಲ ನೋಡಿ. 25 ಲಕ್ಷವನ್ನು ಶೇ. 9ರ ಬಡ್ಡಿಗೆ 20 ವರ್ಷಕ್ಕೆ ತೆಗೆದರೆ ಕಂತು ತಿಂಗಳಿಗೆ ಸುಮಾರು 22,500, ವರ್ಷಕ್ಕೆ 2,70,000. ಬಾಡಿಗೆಯಿಂದ ಉಳಿದದ್ದು ಸಾಲದೆ, ಪ್ರತಿ ತಿಂಗಳೂ ಸಂಬಳದಿಂದ 9,300 ಹಾಕಬೇಕಾಗುತ್ತದೆ. ಈ ಬಡ್ಡಿ, ಈ ಅವಧಿಗೆ ಲಕ್ಷಕ್ಕೆ 900 ರೂಪಾಯಿ ಕಂತು ಎಂದು ನೆನಪಿಟ್ಟುಕೊಂಡರೆ ಉಳಿದದ್ದು ಸುಲಭ. ಕೈಗೆ ಉಳಿಯುವ ತಿಂಗಳ 13,000ದಲ್ಲಿ ತೀರುವ ಸಾಲ 14 ಲಕ್ಷ. ಅದಕ್ಕಿಂತ ಹೆಚ್ಚು ಸಾಲ ಮಾಡುವುದಾದರೆ ಆ ಮನೆಯನ್ನು ಮುಂದೆ ಸೈಟಿನ ಬೆಲೆ ಏರಲಿ ಎಂದು ಮಾಡುತ್ತಿದ್ದೀರಿ, ಬಾಡಿಗೆಗಾಗಿ ಅಲ್ಲ. ಎರಡೂ ಬೇರೆ ಬೇರೆ ವ್ಯವಹಾರ.

ಇದೇ ಕಾರಣಕ್ಕೆ, ವಾಸದ ಮನೆ ಸ್ವಂತದ್ದಿದ್ದವರಿಗೆ ಮೊದಲ ಬಾಡಿಗೆ ಮನೆ ಅದರ ಮೇಲೆಯೇ ಆಗುವುದು ಲೇಸು. ಸೈಟಿನ ಖರ್ಚಿಲ್ಲ. 12 ಲಕ್ಷದಲ್ಲಿ ಮೇಲ್ಮನೆ ಎದ್ದು 8,000 ಬಾಡಿಗೆ ಬಂದರೆ, ಒಂದು ತಿಂಗಳು ಖಾಲಿ ಹಿಡಿದು, 18,000 ಖರ್ಚು ಕಳೆದು 70,000 ಉಳಿಯುತ್ತದೆ. ಅದು ಶೇ. 5.8. ಆದರೆ ಮೇಸ್ತ್ರಿಯ ಮಾತೊಂದನ್ನೇ ನಂಬಿ ಮೇಲೇರಿಸಬೇಡಿ. ಪಿಲ್ಲರ್ ಇಲ್ಲದ, ಗೋಡೆಯ ಮೇಲೇ ಭಾರ ನಿಂತ ಹಳೆಯ ಮನೆಯಾದರೆ ಸ್ಟ್ರಕ್ಚರಲ್ ಎಂಜಿನಿಯರ್ ಪಾಯದ ಬಳಿ ಅಗೆಸಿ ನೋಡಲೇಬೇಕು. ಪಿಲ್ಲರ್ ಇದ್ದು, ತಾರಸಿಯ ಮೇಲೆ ಕಂಬಿ ಬಿಟ್ಟಿದ್ದರೆ ಅವುಗಳ ಉದ್ದ ಅಳೆಯಿರಿ. ಹೊಸ ಕಂಬಿ ಹಳೆಯದರ ಜೊತೆ ಕೂಡುವ ಉದ್ದ ಕಂಬಿಯ ದಪ್ಪದ ಸುಮಾರು 50 ಪಟ್ಟು ಇರಬೇಕು: 12 ಎಂಎಂಗೆ 600 ಎಂಎಂ, 16 ಎಂಎಂಗೆ 800. ಹತ್ತು ವರ್ಷ ಮಳೆಗೆ ನೆನೆದ ಕಂಬಿ ತುಕ್ಕು ಹಿಡಿದಿರುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿದಾಗ ಪದರ ಪದರವಾಗಿ ಎದ್ದು ಕಂಬಿ ಸಣ್ಣಗಾಗಿದ್ದರೆ ಅದರ ಮೇಲೆ ಕಟ್ಟುವುದು ಬೇಡ. ಹೊಸ ಕಂಬಿ ಕೂರಿಸುವ ದಾರಿಯನ್ನು ಎಂಜಿನಿಯರೇ ಹೇಳಲಿ.

ಹೊಸ ಸೈಟೇ ಕೊಳ್ಳುವವರಿಗೆ ಕಾಗದದ ವಿಷಯ ಚಿಕ್ಕದಾಗಿ: ಲೇಔಟ್ ದೂಡಾದ (ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ ಪಡೆದಿದೆಯೇ, ಜಮೀನಿನ ಭೂಪರಿವರ್ತನೆ ಆಗಿದೆಯೇ, ಇ-ಖಾತೆ ಮಾರುವವರ ಹೆಸರಿನಲ್ಲೇ ಇದೆಯೇ, ಋಣಭಾರ ಪತ್ರದಲ್ಲಿ ಹಳೆಯ ಸಾಲ ಉಳಿದಿದೆಯೇ. ಊರ ಹೊರಗಿನ ಪಂಚಾಯಿತಿ ಸೈಟುಗಳಲ್ಲಿ 11ಬಿ ನಮೂನೆ (ಕ್ರಮಬದ್ಧವಲ್ಲದ ಆಸ್ತಿಗೆ ಕೊಡುವ ದಾಖಲೆ) ತೋರಿಸಿದರೆ ಜಾಗ್ರತೆ. ಬ್ಯಾಂಕು ಸಾಲ ಕೊಡದಿದ್ದರೆ ನಾಳೆ ನಿಮ್ಮಿಂದ ಕೊಳ್ಳುವವರಿಗೂ ಕೊಡುವುದಿಲ್ಲ.

ಇನ್ನು ಕಟ್ಟುವಾಗ. ಬಾಡಿಗೆ ಮನೆಯ ರಿಪೇರಿ ದುಡ್ಡನ್ನು ನುಂಗುವುದು ಮೇಲ್ಮನೆಯ ಬಚ್ಚಲು. ಕೆಳಮನೆಯ ಛಾವಣಿಯಲ್ಲಿ ಹಳದಿ ಕಲೆ ಕಂಡಾಗ ಎಲ್ಲರೂ ಟೈಲ್ಸ್ ಸಂದಿಗೆ ಬಿಳಿ ಸಿಮೆಂಟ್ ತುಂಬಿಸುತ್ತಾರೆ. ನೀರು ಸೋರುವುದು ಹೆಚ್ಚಿನ ಸಲ ಅಲ್ಲಿಂದಲ್ಲ, ಸ್ಲ್ಯಾಬ್ ತೂತು ಮಾಡಿ ಪೈಪು ಇಳಿಸಿದ ಕಡೆಯಿಂದ. ಆ ತೂತಿನ ಸುತ್ತ ತುಂಬಿದ ಸಾದಾ ಸಿಮೆಂಟ್ ಒಣಗಿದಾಗ ಕುಗ್ಗಿ, ಪಿವಿಸಿ ಪೈಪನ್ನು ಬಿಟ್ಟುಕೊಳ್ಳುತ್ತದೆ. ಅಲ್ಲಿ ಒಣಗಿದರೂ ಕುಗ್ಗದ, ಗ್ರೌಟ್ ಎಂಬ ಮಿಶ್ರಣ ತುಂಬಿಸಿ. ಆಮೇಲೆ ವಾಟರ್‌ಪ್ರೂಫಿಂಗ್ ಬಳಿಸಿ, ಗೋಡೆಯ ಮೇಲೂ ಒಂದಡಿ ಏರಲಿ. ಟೈಲ್ಸ್ ಹಾಕುವ ಮೊದಲು ನೀರು ಹೊರಹೋಗುವ ಟ್ರ್ಯಾಪಿನ ಬಾಯಿ ಮುಚ್ಚಿ ಎರಡು ಇಂಚು ನೀರು ನಿಲ್ಲಿಸಿ 48 ಗಂಟೆ ಬಿಡಿ. ಕೆಳಗೆ ತೇವ ಕಾಣದಿದ್ದರೆ ಮಾತ್ರ ಮುಂದಿನ ಕೆಲಸ. ಕೆಲಸದವರು ಅವಸರ ಮಾಡುತ್ತಾರೆ, ಬಿಡಬೇಡಿ. ಈ ಎರಡು ದಿನ ಉಳಿಸಿದವರು ಮುಂದೆ ಟೈಲ್ಸ್ ಒಡೆಸುತ್ತಾರೆ, ಅದೂ ಒಳಗೆ ಸಂಸಾರ ಇರುವಾಗ.

ವೈರಿಂಗಿನಲ್ಲಿ ಗೀಸರಿಗೆ 4 ಚದರ ಎಂಎಂ ತಂತಿ, 16 ಆಂಪ್ ಪಾಯಿಂಟು, ಬೋರ್ಡಿಗೊಂದು 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು). ಇಂಡಕ್ಷನ್ ಒಲೆ ಬಳಸುವವರು ಹೆಚ್ಚಿದ್ದಾರೆ, ಅಡುಗೆ ಕಟ್ಟೆಯ ಮೇಲೂ 16 ಆಂಪ್ ಪಾಯಿಂಟು ಬೇಕು. ಇಲ್ಲದಿದ್ದರೆ ಮಿಕ್ಸಿಯ ಪಾಯಿಂಟಿಗೇ ಅಡಾಪ್ಟರ್ ಸಿಕ್ಕಿಸಿ ಸುಡುತ್ತಾರೆ.

ಮೀಟರು ಪ್ರತಿ ಮನೆಗೂ ಬೇರೆಯಿರಲಿ; ಮೋಟರು ಮತ್ತು ಮೆಟ್ಟಿಲ ದೀಪಕ್ಕೆ ಇನ್ನೊಂದು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ 2023ರಿಂದ ಬೇರೆ ಮೀಟರಿನ ಮಹತ್ವ ಹೆಚ್ಚಾಗಿದೆ. ಎರಡು ಸಂಸಾರ ಒಂದೇ ಆರ್‌ಆರ್ ನಂಬರಿನಲ್ಲಿದ್ದು (ವಿದ್ಯುತ್ ಸಂಪರ್ಕದ ನಂಬರು) ತಲಾ 110 ಯೂನಿಟ್ ಉರಿಸಿದರೆ 220 ಆಗಿ, 200ರ ಮಿತಿ ದಾಟಿ ಪೂರ್ತಿ ಬಿಲ್ಲು ಬರುತ್ತದೆ. ಮೀಟರು ಬೇರೆಯಿದ್ದರೆ ಇಬ್ಬರೂ ಯೋಜನೆಯ ಒಳಗೇ ಇರಬಹುದಿತ್ತು. ಬಾಡಿಗೆದಾರರು ತಮ್ಮ ಆಧಾರ್ ಜೋಡಿಸಿಕೊಳ್ಳಬಹುದು. ಆದರೆ ಮನೆ ಬಿಡುವಾಗ ಆ ಜೋಡಣೆ ತೆಗೆಸಲೇಬೇಕು, ಇಲ್ಲದಿದ್ದರೆ ಮುಂದೆ ಬರುವವರು ಅರ್ಜಿ ಹಾಕಲಾಗದೆ ನಿಮ್ಮ ಬಾಗಿಲಿಗೆ ಬರುತ್ತಾರೆ. ಅಡ್ವಾನ್ಸ್ ವಾಪಸ್ ಕೊಡುವ ಮೊದಲು ಇದನ್ನು ನೋಡಿಕೊಳ್ಳಿ.

ನೀರಿಗೆ ತಲೆಗೆ ದಿನಕ್ಕೆ 135 ಲೀಟರ್ ಹಿಡಿಯಿರಿ. ಎರಡು ಮನೆ, ಎಂಟು ಜನ ಎಂದರೆ 1,080 ಲೀಟರ್. ನಲ್ಲಿ ನೀರು ನಾಲ್ಕೈದು ದಿನ ಬಾರದಿದ್ದರೂ ತಡೆಯಲು ಆರು ಸಾವಿರ ಲೀಟರಿನ ಸಂಪು ಬೇಕು; ಒಳಗಿನ ಅಳತೆ 2 ಮೀಟರ್ ಉದ್ದ, 2 ಮೀಟರ್ ಅಗಲ, ಒಂದೂವರೆ ಮೀಟರ್ ನೀರಿನ ಆಳ. ಮೇಲಿನ ಟ್ಯಾಂಕುಗಳನ್ನು ಮನೆಗೊಂದರಂತೆ ಬೇರೆ ಮಾಡಿ. ಒಂದೇ ಟ್ಯಾಂಕು ಇದ್ದಲ್ಲಿ ನಲ್ಲಿ ತೆರೆದಿಟ್ಟವರು ಯಾರು ಎಂಬ ಜಗಳ ತೀರುವುದೇ ಇಲ್ಲ. ಬೋರ್ ನೀರು ಗಡುಸಾದರೆ ಗೀಸರಿನ ಕಾಯಿಲ್ ಸುಣ್ಣ ಕಟ್ಟುತ್ತದೆ, ಕರಾರಿನಲ್ಲಿ ಅದರ ರಿಪೇರಿ ಯಾರದ್ದೆಂದು ಬರೆಯಿರಿ. ಚಿತ್ರದುರ್ಗ ಜಿಲ್ಲೆಯ ಹಲವು ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಸಲ್ಲದು, ಕುದಿಸಿದರೂ ಹೋಗುವುದಿಲ್ಲ. ಪರೀಕ್ಷೆ ಮಾಡಿಸಿ, ಬಂದ ಫಲಿತಾಂಶವನ್ನು ಬಾಡಿಗೆಗೆ ಬರುವವರಿಗೆ ಹೇಳಿಬಿಡಿ. ಮಕ್ಕಳಿರುವ ಮನೆಗೆ ಇದನ್ನು ಮುಚ್ಚಿಡುವುದು ಅನ್ಯಾಯ.

ಮನೆ ಯಾವ ತಿಂಗಳು ಖಾಲಿಯಾಗುತ್ತದೆ ಎಂಬುದರ ಮೇಲೆ ವರ್ಷದ ಲೆಕ್ಕ ನಿಂತಿದೆ. ಆಷಾಢದಲ್ಲಿ ನಮ್ಮ ಕಡೆ ಬಾಡಿಗೆ ಮನೆಗೂ ಹಾಲುಕ್ಕಿಸುವವರು ಕಡಿಮೆ. ಜೂನ್ ಕೊನೆಗೆ ಖಾಲಿಯಾದರೆ ಶ್ರಾವಣದವರೆಗೆ ಟು-ಲೆಟ್ ಬೋರ್ಡು ನೇತಾಡುತ್ತದೆ. ಸಂಸಾರಸ್ಥರು ಮಕ್ಕಳ ಪರೀಕ್ಷೆ ಮುಗಿಸಿ ಏಪ್ರಿಲ್, ಮೇನಲ್ಲಿ ಮನೆ ಬದಲಿಸುತ್ತಾರೆ. ಆದ್ದರಿಂದ ಕರಾರು ಏಪ್ರಿಲ್ ಕೊನೆಗೆ ಮುಗಿಯುವಂತೆ ಬರೆಯಿರಿ. ಅಕ್ಟೋಬರಿನಲ್ಲಿ ಬಂದವರಿಗೆ ಮೊದಲ ಕರಾರು ಏಳು ತಿಂಗಳಿಗೆ ಸಾಕು. ಹನ್ನೊಂದು ತಿಂಗಳ ಕರಾರು ನವೀಕರಿಸಿದಷ್ಟೂ ಒಂದೊಂದು ತಿಂಗಳು ಹಿಂದೆ ಸರಿಯುತ್ತದೆ: ಏಪ್ರಿಲ್, ಮಾರ್ಚ್, ಫೆಬ್ರವರಿ, ಜನವರಿ. ಜನವರಿಗೆ ಬಂದಾಗ ಮೂರು ತಿಂಗಳದ್ದೊಂದು ಬರೆದು ಮತ್ತೆ ಏಪ್ರಿಲ್‌ಗೆ ತನ್ನಿ. ಬಾಪೂಜಿ ಎಂಜಿನಿಯರಿಂಗ್ ಕಾಲೇಜು, ಜೆಜೆಎಂ ಮೆಡಿಕಲ್ ಕಾಲೇಜುಗಳ ಹತ್ತಿರದ ಮನೆಗಳ ಲೆಕ್ಕ ಬೇರೆ. ಅಲ್ಲಿ ಮನೆ ತುಂಬುವುದು ಕಾಲೇಜು ಸೀಟು ಹಂಚಿಕೆಯಾದ ಮೇಲೆ. ಹುಡುಗರಿಗೆ ಕೊಟ್ಟರೆ ತಲೆ ಲೆಕ್ಕದಲ್ಲಿ ಬಾಡಿಗೆ ಹೆಚ್ಚು, ನೀರೂ ಅಷ್ಟೇ ಹೆಚ್ಚು. ಎಷ್ಟು ಜನ ಎಂಬುದನ್ನು ಹೆಸರು ಸಮೇತ ಬರೆಸಿ, ತಂದೆತಾಯಿಯ ಫೋನ್ ನಂಬರ್ ಪಡೆಯಿರಿ.

ಹನ್ನೊಂದೇ ತಿಂಗಳು ಏಕೆಂದರೆ, ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಅಡ್ವಾನ್ಸ್ ಮೂರು ತಿಂಗಳಿಗಿಂತ ಕಡಿಮೆ ಬೇಡ: ಕೊಡದೆ ಉಳಿದ ಒಂದು ತಿಂಗಳು, ನೋಟಿಸು ಕೊಟ್ಟು ಬಿಡಿಸುವ ಒಂದು ತಿಂಗಳು, ಬಣ್ಣ ಮತ್ತು ಬಾಕಿ ಬಿಲ್ಲಿಗೆ ಒಂದು. ವರ್ಷಕ್ಕೆ ಶೇ. 5 ಏರಿಕೆಯನ್ನು ಮೊದಲೇ ಬರೆದರೆ ಪ್ರತಿ ಸಲ ಚೌಕಾಸಿ ಇರುವುದಿಲ್ಲ. ಬಾಡಿಗೆ ನೆಚ್ಚಿಕೊಳ್ಳದೆ ಐದಾರು ಲಕ್ಷ ಒಟ್ಟಿಗೆ ಪಡೆದು ಭೋಗ್ಯಕ್ಕೆ ಕೊಡುವವರು ಮೂರು ವಿಷಯ ತಿಳಿದಿರಲಿ. ಸ್ವಾಧೀನ ಕೊಟ್ಟು ಮಾಡುವ ಭೋಗ್ಯ ಕಾನೂನಿನಲ್ಲಿ ಅಡಮಾನ, ಅದು ನೋಂದಣಿಯಾಗಬೇಕು. 20,000 ಅಥವಾ ಅದಕ್ಕಿಂತ ಹೆಚ್ಚಿನ ಠೇವಣಿಯನ್ನು ನಗದಾಗಿ ಪಡೆಯುವುದೂ ನಗದಾಗಿ ಹಿಂದಿರುಗಿಸುವುದೂ ಆದಾಯ ತೆರಿಗೆ ಕಾನೂನಿಗೆ ವಿರುದ್ಧ, ದಂಡ ಅಷ್ಟೇ ಮೊತ್ತದ್ದಾಗಬಹುದು. ಇನ್ನೊಂದು, ಆ ದುಡ್ಡು ಸಾಲವೇ. ಅದನ್ನು ಮದುವೆಗೋ ಕಾರಿಗೋ ಖರ್ಚು ಮಾಡಿದವರು ಮೂರು ವರ್ಷದ ನಂತರ ವಾಪಸ್ ಕೊಡಲಾಗದೆ ಮನೆಯನ್ನೇ ಮಾರಬೇಕಾಗುತ್ತದೆ.

ಕಂದಾಯ ಏಪ್ರಿಲ್ ತಿಂಗಳೊಳಗೆ ಕಟ್ಟಿದರೆ ಶೇ. 5 ರಿಯಾಯಿತಿ. ಆದಾಯ ತೆರಿಗೆಯಲ್ಲಿ ಬಂದ ಬಾಡಿಗೆಯಿಂದ ಆ ವರ್ಷ ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ. 30 ಬಿಡುತ್ತಾರೆ, ರಿಪೇರಿ ಬಿಲ್ಲು ತೋರಿಸುವ ಅಗತ್ಯವಿಲ್ಲ. ಮೇಲಿನ ಉದಾಹರಣೆಯಲ್ಲಿ 1,92,000ಕ್ಕೆ ಶೇ. 30 ಹೋಗಿ 1,34,400. ಗೃಹಸಾಲದ ಬಡ್ಡಿಯೂ ಇದರಲ್ಲಿ ಕಳೆಯುತ್ತದೆ, ಆದರೆ ಹೊಸ ತೆರಿಗೆ ಪದ್ಧತಿಯಲ್ಲಿ ಬಡ್ಡಿ ಹೆಚ್ಚಾಗಿ ನಷ್ಟ ಬಂದರೆ ಅದನ್ನು ಸಂಬಳದ ಆದಾಯದಲ್ಲಿ ಕಳೆಯಲು ಬರುವುದಿಲ್ಲ. ತೆರಿಗೆ ಉಳಿಯುತ್ತದೆಂದು ದೊಡ್ಡ ಸಾಲ ಮಾಡುವವರು ಇದನ್ನು ಮೊದಲೇ ನೋಡಿರಬೇಕು.

ಕೀ ಕೊಡುವ ದಿನ ಪ್ರತಿ ಕೋಣೆಯ ವಿಡಿಯೊ ತೆಗೆದು, ಮೀಟರ್ ರೀಡಿಂಗ್ ಸಮೇತ ಬಾಡಿಗೆದಾರರ ವಾಟ್ಸಾಪಿಗೆ ಕಳಿಸಿ. ಗೋಡೆಯ ಬಣ್ಣದ ಶೇಡ್ ನಂಬರನ್ನು ಅಟ್ಟದ ಒಳಗೋಡೆಯ ಮೇಲೆ ಬರೆದಿಡಿ. 600 ಚದರಡಿ ಮನೆಗೆ ಎರಡು ಸಲ ಬಳಿಯಲು 20 ಲೀಟರ್ ಎಮಲ್ಷನ್ ಬಣ್ಣ ಸಾಕು, ಅದೇ ಶೇಡ್ ಇದ್ದರೆ ಮುಂದಿನ ಸಲ ಹಾಳಾದ ಗೋಡೆಗಳಿಗಷ್ಟೇ ಹೊಡೆಸಬಹುದು. ಬಿಡುವಾಗ ಅದೇ ವಿಡಿಯೊ ತೆರೆದು ಇಬ್ಬರೂ ಕೂಡಿ ಮನೆ ನೋಡಿ. ಬಿಸಿಲಿಗೆ ಮಾಸಿದ ಬಣ್ಣ ನಿಮ್ಮ ಖರ್ಚು. ಒಡೆದ ಸಿಂಕು, ಕಿತ್ತ ಸ್ವಿಚ್ಚು ಅವರದ್ದು. ಕಡೆಯ ವಿದ್ಯುತ್ ಬಿಲ್ಲು ನೋಡಿ ಲೆಕ್ಕ ಬರೆದು, ಉಳಿದ ಅಡ್ವಾನ್ಸನ್ನು ಸಾಮಾನು ಲಾರಿಗೆ ಏರುವ ದಿನವೇ ಖಾತೆಗೆ ಹಾಕಿಬಿಡಿ.