ಚಾರ್ಮಾಡಿಯ ತಿರುವುಗಳಲ್ಲಿ ಒಂದು ಕಾಗದದ ಚೀಲ

ಚಿಕ್ಕಮಗಳೂರಿನಿಂದ ಮೂಡಿಗೆರೆಯ ಮೇಲೆ ಧರ್ಮಸ್ಥಳಕ್ಕೆ ಹೋಗುವ ಕೆಂಪು ಬಸ್ಸನ್ನು ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಹತ್ತಿದಾಗ ಅಕ್ಕನ ಮಗಳ ಮುಷ್ಟಿಯಲ್ಲಿ ಒಂದು ನಿಂಬೆಹಣ್ಣಿತ್ತು. ಒಂಬತ್ತು ವರ್ಷದ ಅವಳಿಗೆ ಬಸ್ಸು ಆಗಿಬರುವುದಿಲ್ಲ. ಆ ವಯಸ್ಸಿನಲ್ಲಿ ನನಗೂ ಆಗಿಬರುತ್ತಿರಲಿಲ್ಲ. ಮಲೆನಾಡಿನಲ್ಲೇ ಹುಟ್ಟಿ ಬೆಳೆದರೂ ಎಷ್ಟೋ ಘಾಟಿಗಳನ್ನು ನಾನು ಅಮ್ಮನ ತೊಡೆಯ ಮೇಲೆ ತಲೆಯಿಟ್ಟು, ಕಣ್ಣು ಮುಚ್ಚಿಕೊಂಡೇ ದಾಟಿದ್ದೇನೆ. ಇವಳಾದರೂ ಚಾರ್ಮಾಡಿಯನ್ನು ಕಣ್ತುಂಬ ನೋಡಲಿ ಎಂಬುದು ನನ್ನ ಆಸೆಯಾಗಿತ್ತು. ಅಕ್ಕ ವಾಂತಿ ತಡೆಯುವ ಮಾತ್ರೆಯ ಮಾತೆತ್ತಿದ್ದಳು. ಹೊರಡುವುದಕ್ಕೆ ಅರ್ಧ ಗಂಟೆ, ಒಂದು ಗಂಟೆ ಮೊದಲೇ ನುಂಗಿದರೆ ಅದು ಕೆಲಸ ಮಾಡುತ್ತದೆ, ಆದರೆ ನಿದ್ದೆ ತರಿಸುತ್ತದೆ. ಮಕ್ಕಳಿಗೆ ಕೊಡುವ ಮುನ್ನ ವೈದ್ಯರನ್ನೂ ಕೇಳಬೇಕು. ನೋಡಲೆಂದೇ ಹೊರಟವಳನ್ನು ಮಲಗಿಸಿಕೊಂಡು ಹೋಗಲು ನನಗೆ ಮನಸ್ಸಾಗಲಿಲ್ಲ.

ಮುಂದಿನ ಸೀಟುಗಳೆಲ್ಲ ಭರ್ತಿಯಾಗಿದ್ದರಿಂದ ಹಿಂದಿನ ಚಕ್ರದ ಮೇಲಿನ ಸೀಟೇ ನಮ್ಮ ಪಾಲಿಗೆ ಬಂತು. ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟನ್ನು ಪರ್ಸಿಗೆ ಸೇರಿಸಿ ತಲೆಯೆತ್ತಿದರೆ, ಎದುರಿನ ಸೀಟಿನ ಬೆನ್ನಿನ ತುಂಬ ಜಾಹೀರಾತುಗಳು. ಮೂಲವ್ಯಾಧಿಗೆ ಚಿಕಿತ್ಸೆ, ಹೆಣ್ಣುಮಕ್ಕಳ ಹಾಸ್ಟೆಲ್, ಹತ್ತನೇ ತರಗತಿಯ ಟ್ಯೂಷನ್, ಬೋರ್‌ವೆಲ್ ಪಾಯಿಂಟ್ ನೋಡಿಕೊಡುವವರು. ಒಂದರ ಮೇಲೊಂದು ಅಂಟಿಸಿದ ಚೀಟಿಗಳ ಅಂಚನ್ನು ಯಾರೋ ಉಗುರಿನಿಂದ ಕೆರೆದಿದ್ದರು. ಕಣ್ಣಿಗೆ ಬಿದ್ದ ಅಕ್ಷರವನ್ನೆಲ್ಲ ಓದಿಯೇ ತೀರುವ ವಯಸ್ಸು ಅವಳದು. ಮೂಡಿಗೆರೆ ತಲುಪುವ ಹೊತ್ತಿಗೆ ಸೀಟಿನ ಬೆನ್ನೆಲ್ಲ ಓದಿ ಮುಗಿದಿತ್ತು, ಮುಖ ಬಿಳಿಚಿಕೊಂಡು ತುಟಿಯ ಮೇಲೆ ಬೆವರು ಮೂಡಿತ್ತು. "ಚಿಕ್ಕಮ್ಮ, ಹೊಟ್ಟೆ ತೊಳಸ್ತಾ ಇದೆ" ಎಂದಳು.

ತಪ್ಪು ನನ್ನದೇ, ಏಕೆಂದರೆ ಇದರ ಕಾರಣ ನನಗೆ ಗೊತ್ತಿತ್ತು. ಒಳಕಿವಿಯಲ್ಲಿ ಅರ್ಧವೃತ್ತಾಕಾರದ ಮೂರು ನಾಳಗಳಿವೆ. ತಲೆ ಅತ್ತಿತ್ತ ಹೊರಳಿದಾಗ ಅವುಗಳೊಳಗಿನ ದ್ರವದ ಚಲನೆ, ದೇಹ ಯಾವ ಕಡೆಗೆ ತಿರುಗುತ್ತಿದೆಯೆಂದು ಮಿದುಳಿಗೆ ತಿಳಿಸುತ್ತದೆ. ಬಸ್ಸು ಎಡಕ್ಕೆ ಬಲಕ್ಕೆ ವಾಲುತ್ತಿರುವುದನ್ನು ಕಿವಿ ಹೇಳುತ್ತಿರುವಾಗ, ಎರಡಡಿ ದೂರದ ಅಕ್ಷರಗಳ ಮೇಲೆ ನೆಟ್ಟ ಕಣ್ಣು ಎಲ್ಲವೂ ನಿಂತಲ್ಲೇ ನಿಂತಿದೆ ಎನ್ನುತ್ತದೆ. ಈ ಎರಡು ಸಾಕ್ಷಿಗಳು ತಾಳೆಯಾಗದೆ ಹೋದಾಗಲೇ ವಾಕರಿಕೆ ಶುರುವಾಗುವುದು. ಮುಂದಿನ ತಿರುವನ್ನು ಮೊದಲೇ ಕಂಡು ತಾನೇ ಸ್ಟಿಯರಿಂಗ್ ತಿರುಗಿಸುವ ಚಾಲಕನಿಗೆ ಈ ತೊಂದರೆ ತೀರ ಅಪರೂಪ. ಎರಡು ವರ್ಷದೊಳಗಿನ ಕೂಸುಗಳಿಗೂ ಅಷ್ಟಾಗಿ ಕಾಡುವುದಿಲ್ಲ. ಅಲ್ಲಿಂದ ಹನ್ನೆರಡರವರೆಗಿನ ಮಕ್ಕಳಿಗೇ ಹೆಚ್ಚು. ಸಾರಿಗೆ ಸಂಸ್ಥೆಗೆ ಜಾಹೀರಾತಿನಿಂದ ಆದಾಯ ಬರಲಿ, ಬಸ್ಸಿನ ಹೊರಮೈ ಅದಕ್ಕೆ ಧಾರಾಳವಾಗಿದೆ. ಕೂತವರ ಮೂಗಿನ ನೇರಕ್ಕೆ ಸಣ್ಣ ಅಕ್ಷರಗಳನ್ನು ಅಂಟಿಸುವುದನ್ನು ಮಾತ್ರ ನಾನು ಒಪ್ಪಲಾರೆ.

ಬಣಕಲ್ ದಾಟಿ ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಿತು. ಆ ಊರಿಗೆ ಹೆಸರು ತಂದ ನೀರುದೋಸೆಯನ್ನು ಬಿಟ್ಟು ಹೋಗುವುದು ಕಷ್ಟವಾದರೂ ಇಬ್ಬರೂ ಒಂದೊಂದೇ ತಿಂದೆವು. ಘಾಟಿಗೆ ಮೊದಲು ಹೊಟ್ಟೆ ಬಿರಿಯುವಂತೆ ತಿನ್ನಬಾರದು, ಪೂರ್ತಿ ಖಾಲಿಯೂ ಇರಬಾರದು. ಮತ್ತೆ ಹತ್ತುವಾಗ ಕಂಡಕ್ಟರ್ ಮಗುವಿನ ಮುಖ ನೋಡಿದವರೇ ತಮ್ಮ ಚೀಲದಿಂದ ಒಂದು ಕಾಗದದ ಚೀಲ ತೆಗೆದುಕೊಟ್ಟರು. "ಇಲ್ಲಿಯ ಮೆಡಿಕಲ್ ಶಾಪಿನವರು ಮಳೆಗಾಲಕ್ಕೆ ಒಂದೊಂದು ಕಟ್ಟು ಕೊಡ್ತಾರೆ ಅಮ್ಮಾ. ಮಗೂನ ಮುಂದೆ ಕೂರ್ಸಿ, ದೂರ ನೋಡ್ಲಿ" ಎಂದರು. ಬಾಗಿಲ ಬಳಿಯ ಮೊದಲ ಸೀಟಿನಲ್ಲಿದ್ದ ವೃದ್ಧೆಯೊಬ್ಬರು ಯಾರೂ ಕೇಳುವ ಮೊದಲೇ ಎದ್ದು, "ಬಾ ಕಂದಾ, ಇಲ್ಲಿ ಕೂತ್ಕೋ" ಎಂದು ಜಾಗ ಬಿಟ್ಟುಕೊಟ್ಟರು.

ಚೀಲವನ್ನು ತಿರುಗಿಸಿ ನೋಡಿದೆ. ಕಂದುಬಣ್ಣದ ದಪ್ಪ ಕಾಗದ, ಒಳಗೆ ತೆಳುವಾದ ಪ್ಲಾಸ್ಟಿಕ್ ಪದರ. ಹಸಿರು ಶಾಯಿಯಲ್ಲಿ ಅಂಗಡಿಯ ಹೆಸರು, ಅದರ ಕೆಳಗೆ ದಪ್ಪಕ್ಷರದಲ್ಲಿ ಮೂರು ಮಾತು: ಮೊಬೈಲ್ ನೋಡಬೇಡಿ, ದೂರದ ಗುಡ್ಡ ನೋಡಿ, ಕಿಟಕಿ ತೆರೆದಿಡಿ. ಹೀಗೆ ಒಳಪದರ ಹಾಕಿದ ಚೀಲವನ್ನು ಅಮೆರಿಕದ ಗಿಲ್ಮೋರ್ ಶೆಲ್ಡಾಲ್ ಎಂಬಾತ 1949ರಲ್ಲಿ ನಾರ್ತ್‌ವೆಸ್ಟ್ ಓರಿಯೆಂಟ್ ವಿಮಾನ ಸಂಸ್ಥೆಗಾಗಿ ರೂಪಿಸಿದ. ವಿಮಾನದ ವಸ್ತುವೊಂದು ಘಾಟಿಯ ಕೆಂಪು ಬಸ್ಸಿಗೆ, ಅದೂ ಒಬ್ಬ ಅಂಗಡಿಯವರ ಕೈಯಿಂದ ಬಂದದ್ದನ್ನು ಕಂಡು ನನಗೆ ನಿಜಕ್ಕೂ ಸಂತೋಷವಾಯಿತು. ಯಾರೂ ಹೆಸರು ಬರೆಸಲು ಇಚ್ಛಿಸದ ಜಾಗದಲ್ಲಿ ಹೆಸರು ಬರೆಸಿದ ಆ ಅಂಗಡಿಯನ್ನು ನಾನು ಮರೆಯುವುದಿಲ್ಲ.

ಘಾಟಿಯಲ್ಲಿ ಮಂಜು ಕವಿದಿತ್ತು. ದೂರ ಕಾಣದಾದಾಗ ಕಣ್ಣಿಗೆ ಬಸ್ಸಿನ ಒಳಗೊಂದೇ ಉಳಿಯುವುದರಿಂದ ಹೊಟ್ಟೆ ಮತ್ತೆ ಕೆಡುತ್ತದೆ. ಅವಳು ನಿಂಬೆಹಣ್ಣನ್ನು ಮೂಗಿಗೆ ಒತ್ತಿಕೊಂಡು ರಸ್ತೆಯ ಬಿಳಿ ಗೆರೆಯನ್ನೇ ನೋಡುತ್ತ ಕೂತಳು. ಮೂರು ನಾಲ್ಕು ತಿರುವು ಕಳೆದ ಮೇಲೆ ಮಂಜು ಸರಿದು, ಬಂಡೆಗಳ ಮೇಲಿನಿಂದ ನೀರು ರಸ್ತೆಯ ಅಂಚಿಗೇ ಧುಮುಕುವುದು ಕಾಣಿಸಿತು. ಅದರ ಪಕ್ಕದ ಬಂಡೆಯೊಂದರ ಮೇಲೆ ಹಳದಿ ಬಣ್ಣದಲ್ಲಿ ಯಾವುದೋ ಲಾಡ್ಜಿನ ಹೆಸರು, ಮುಂದಿನ ತಿರುವಿನ ತಡೆಗೋಡೆಯ ಮೇಲೆ ಟೈರಿನಂಗಡಿಯ ಫೋನ್ ನಂಬರು. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ದೊಡ್ಡ ವಾಹನಗಳಿಗೆ ತಿಂಗಳುಗಟ್ಟಲೆ ಮುಚ್ಚಿದ್ದ ದಾರಿಯಿದು. ಕಣಿವೆಯ ಅಂಚನ್ನು ಚಾಲಕನಿಗೆ ತೋರಿಸಲೆಂದು ಬಣ್ಣ ಬಳಿಯುವ ಗೋಡೆಯನ್ನು ಫೋನ್ ನಂಬರಿನಿಂದ ಮುಚ್ಚುವುದು ಅಪಾಯದ ಕೆಲಸ. ಬಯಲು ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು ನಮ್ಮ ರಾಜ್ಯದಲ್ಲಿ 1981ರಲ್ಲೇ ಕಾಯ್ದೆಯಾಗಿದೆ. ಆದರೂ ಬಂಡೆಗೆ ಬಳಿದ ಬಣ್ಣವನ್ನು ಮಳೆಯೇ ತೊಳೆಯಬೇಕಾಗಿ ಬಂದಿರುವುದು ನನ್ನನ್ನು ನೋಯಿಸಿತು.

ಅವಳು ಮಾತ್ರ ಆ ಅಕ್ಷರಗಳತ್ತ ತಿರುಗಲಿಲ್ಲ. "ಚಿಕ್ಕಮ್ಮ, ಅಲ್ಲೊಂದು! ಅಲ್ಲಿ ಇನ್ನೊಂದು!" ಎಂದು ಜಲಪಾತಗಳನ್ನು ಎಣಿಸುತ್ತಿದ್ದಳು. ಇಳಿಜಾರು ಮುಗಿದು, ಗಾಳಿ ಬೆಚ್ಚಗಾಗಿ, ತೆಂಗು ಅಡಕೆಯ ತೋಟಗಳು ಕಾಣಿಸಿಕೊಂಡಾಗ ಎಣಿಕೆ ಹದಿನೇಳಕ್ಕೆ ಬಂದಿತ್ತು. ಉಜಿರೆಯಲ್ಲಿ ಜನ ಇಳಿಯುತ್ತಿದ್ದಾಗ ಅವಳು ಮಡಿಕೆ ಬಿಚ್ಚದ ಚೀಲವನ್ನು ಕಂಡಕ್ಟರಿಗೆ ಹಿಂದಿರುಗಿಸಲು ಹೋದಳು.

"ಇಟ್ಕೋ ಪುಟ್ಟಿ," ಎಂದರು ಅವರು, "ನಾಳೆ ಮತ್ತೆ ಘಾಟಿ ಹತ್ತಬೇಕಲ್ಲ."