ಅಮ್ಮನ ಜ್ವರ

2020ರ ಏಪ್ರಿಲ್, ಲಾಕ್‌ಡೌನ್ ಟೈಮ್. ಅಮ್ಮನಿಗೆ ಬ್ರೆಸ್ಟ್ ಕ್ಯಾನ್ಸರ್, ಕೀಮೋ ಮಂಗಳೂರಲ್ಲಿ, ನಮ್ಮ ಮನೆ ಕಾಪು ಹತ್ರ. ಮಾಮೂಲಿ ದಿನಗಳಲ್ಲಿ ಅದೆಂತ ದೂರ ಅಲ್ಲ ಮಾರಾಯ್ರೆ, ಆದ್ರೆ ಆಗ ಹೆಜಮಾಡಿ ದಾಟಿದ್ರೆ ಬೇರೆ ಜಿಲ್ಲೆ, ಪೊಲೀಸ್ರಿಗೆ ಆಸ್ಪತ್ರೆ ಫೈಲ್ ತೋರಿಸಿಯೇ ಹೋಗ್ಬೇಕಿತ್ತು.

ಕೀಮೋ ಆಗಿ ವಾರ ಹತ್ತು ದಿನಕ್ಕೆ ಬಿಳಿ ರಕ್ತಕಣ ತುಂಬ ಇಳೀತದೆ, ಆಗ ಸಣ್ಣ ಇನ್ಫೆಕ್ಷನ್ನೂ ಜೀವಕ್ಕೆ ಬರಬಹುದು, ಅದಕ್ಕೆ ಜ್ವರ 100.4 ಆದ್ರೆ ರಾತ್ರಿ ಹಗಲು ನೋಡ್ಬೇಡಿ ಸೀದಾ ಬನ್ನಿ, ಡೋಲೋ ಕೊಟ್ಟು ಕಾಯ್ಬೇಡಿ ಅಂತ ಸಿಸ್ಟರ್ ಮೊದಲೇ ಹೇಳಿದ್ರು. ಟಿವಿಯವ್ರು ಹೇಳ್ತಿದ್ದದ್ದು ಬೇರೆ. ಜ್ವರ ಅಂದ್ರೆ ಕೊರೊನಾ, ಆಂಬುಲೆನ್ಸ್ ಬರ್ತದೆ, ಮನೆಯವ್ರಿಗೆಲ್ಲ ಕ್ವಾರಂಟೈನ್. ಅಮ್ಮ ನಂಬಿದ್ದು ಟಿವಿಯನ್ನ.

ಒಂದು ಸಂಜೆ ಗಂಜಿ ಬೇಡ ಅಂದ್ರು. ಮೇ ಹತ್ರ ಬಂದ ಸೆಕೆಯಲ್ಲಿ ಫ್ಯಾನ್ ಆಫ್ ಮಾಡಿ ಕಂಬಳಿ ಹೊದ್ದು ಮಲಗಿದ್ದಾರೆ, ದಿಂಬಿನ ಅಡಿಯಲ್ಲಿ ಡೋಲೋ ಸ್ಟ್ರಿಪ್, ಎರಡು ಮಾತ್ರೆ ಖಾಲಿ. ಥರ್ಮೋಮೀಟರ್ ಇಟ್ಟು ನೋಡಿದ್ರೆ 101. "ಯಾರಿಗೂ ಹೇಳ್ಬೇಡ ಮಗಾ, ಅಪ್ಪನನ್ನೂ ಕರ್ಕೊಂಡು ಹೋಗ್ತಾರೆ" ಅಂದ್ರು.

ಆಸ್ಪತ್ರೆ ಗೇಟಲ್ಲಿ ಜ್ವರ ಅಂದ ಕೂಡ್ಲೇ ಫೀವರ್ ಕ್ಲಿನಿಕ್‌ಗೆ ಕಳಿಸಿದ್ರು, ಸ್ವ್ಯಾಬ್ ರಿಪೋರ್ಟ್ ಬರದೆ ಕ್ಯಾನ್ಸರ್ ವಾರ್ಡಿಗೆ ಬಿಡ್ಲಿಕ್ಕಿಲ್ಲ, ರಿಪೋರ್ಟ್ ಬರುವುದು ಮರುದಿನ. ಅವರ ಕಷ್ಟ ಅರ್ಥ ಆಗ್ತದೆ, ಒಳಗೆ ಇರುವವರೆಲ್ಲ ಅಮ್ಮನ ಹಾಗೇ ಇಮ್ಯುನಿಟಿ ಇಲ್ಲದವರು. ಆದ್ರೆ ಇಂಥ ಜ್ವರಕ್ಕೆ ಆಂಟಿಬಯೋಟಿಕ್ ಒಂದು ಗಂಟೆ ಒಳಗೆ ಹೋಗ್ಬೇಕು, ಮರುದಿನ ಅಂದ್ರೆ ಎಂತ ಮಾಡುದು? ನಾನು ಕೀಮೋ ಕಾರ್ಡ್ ಹಿಡ್ಕೊಂಡು ಸ್ವಲ್ಪ ಜೋರಾಗಿಯೇ ಮಾತಾಡಿದೆ. ಪಿಪಿಇ ಒಳಗಿದ್ದ ಡ್ಯೂಟಿ ಡಾಕ್ಟರ್, ಮುಖ ಇವತ್ತಿಗೂ ಗೊತ್ತಿಲ್ಲ, ಕಾರ್ಡಿನ ತಾರೀಕು ನೋಡಿದ್ರು, ಸ್ವ್ಯಾಬ್ ಆಮೇಲೆ ಅಂತ ಐಸೊಲೇಷನ್ ರೂಮಲ್ಲೇ ಬ್ಲಡ್ ತೆಗೆದು ಡ್ರಿಪ್ ಹಾಕ್ಸಿದ್ರು. ನ್ಯೂಟ್ರೋಫಿಲ್, ಅಂದ್ರೆ ಇನ್ಫೆಕ್ಷನ್ ಜೊತೆ ಹೋರಾಡುವ ಬಿಳಿ ರಕ್ತಕಣ, 500ಕ್ಕಿಂತ ಕೆಳಗೆ ಇತ್ತು, 1500ರ ಮೇಲೆ ಇರ್ಬೇಕಾದದ್ದು.

ಸ್ವ್ಯಾಬ್ ನೆಗೆಟಿವ್ ಬಂತು. ಕೌಂಟ್ ಏರ್ಲಿಕ್ಕೆ ಇಂಜೆಕ್ಷನ್ ಕೊಟ್ರು, ಮುಂದಿನ ಕೀಮೋ ಒಂದು ವಾರ ಮುಂದೆ ಹೋಯ್ತು. ವಾರ್ಡಿಗೆ ಶಿಫ್ಟ್ ಆದ ದಿನವೇ ಪಕ್ಕದ ಮನೆ ಅಕ್ಕ ಫೋನ್ ಮಾಡಿದ್ರು, ಆಸ್ಪತ್ರೆಗೆ ಹೋದ ಸುದ್ದಿ ಊರಿಡೀ ಆಗಿತ್ತು ಆಗ್ಲೇ. ಅಮ್ಮ ಸ್ಪೀಕರ್ ಹಾಕಿ, ಎದುರಿನ ಬೆಡ್ಡಿನವರಿಗೂ ಕೇಳುವ ಹಾಗೆ: "ಕೊರೊನಾ ಎಂತದೂ ಇಲ್ಲ ಮಾರಾಯ್ತಿ, ನನ್ನದು ಬರೀ ಕ್ಯಾನ್ಸರ್!"